ಬೆಣ್ಣೆದೋಸೆಯ ಊರಿನಲ್ಲಿ ಹಲ್ಲಿನ ಪಾಠ

ತಂಗಿಯ ಮಗಳಿಗೆ ದಾವಣಗೆರೆಯಲ್ಲಿ ಬಿ.ಡಿ.ಎಸ್. ಸೀಟು ಸಿಕ್ಕಿತು. ಅವಳನ್ನು ಹಾಸ್ಟೆಲಿಗೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಮನೆತನದಲ್ಲಿ ಹಲ್ಲಿನ ಡಾಕ್ಟರು ಅಂತ ಇರುವವನು ನಾನೊಬ್ಬನೇ. ಮೇಲಾಗಿ ನಾನು ಓದಿದ್ದೂ ಅದೇ ಊರಿನಲ್ಲಿ. ಹೊರಡುವ ಹಿಂದಿನ ರಾತ್ರಿ ತಂಗಿ ಮೂರು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಎರಡು ಬಾಟಲಿ ಉಪ್ಪಿನಕಾಯಿ ತುಂಬಿ, ಮುಚ್ಚಳಗಳಿಗೆ ಪ್ಲಾಸ್ಟಿಕ್ಕು ಕಟ್ಟಿ, ಸೂಟ್‌ಕೇಸಿನ ಬಟ್ಟೆಗಳ ನಡುವೆ ಕೂಸುಗಳನ್ನು ಮಲಗಿಸಿದ ಹಾಗೆ ಮಲಗಿಸಿದಳು. ‘ಅಣ್ಣಾ, ಅಲ್ಲಿ ಊಟ ಹೇಗೆ?’ ಎಂದು ಅವಳು ಕಡೇಪಕ್ಷ ಹತ್ತು ಸಲ ಕೇಳಿರಬೇಕು. ಪಾಠ ಹೇಗೆ ಎಂದು ಕೇಳಿದ್ದು ಒಂದೇ ಸಲ.

‘ಊಟದ ಚಿಂತೆ ಬೇಡ ಮಾರಾಯಿತಿ, ಅದು ದಾವಣಗೆರೆ’ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಬೆಳಗಿನ ರೈಲಿನಲ್ಲಿ ಹುಡುಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನಾನು ಮೂವತ್ತು ವರ್ಷ ಹಿಂದಕ್ಕೆ ಹೋದೆ.

1993ರಲ್ಲಿ ಅರಸೀಕೆರೆಯಲ್ಲಿ ರೈಲು ಹತ್ತಿ ಇದೇ ದಾರಿಯಲ್ಲಿ ಬಂದಿದ್ದೆ. ಜೊತೆಗೆ ಅಪ್ಪ. ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಬಿಳಿಯ ಬಣ್ಣದಲ್ಲಿ ನನ್ನ ಹೆಸರು. ಹೆಸರಿನ ಮುಂದೆ ‘ಡಾ.’ ಎಂದು ಅಪ್ಪ ಆಗಲೇ ಬರೆಸಿಬಿಟ್ಟಿದ್ದರು. ಆ ಒಂದಕ್ಷರಕ್ಕಾಗಿ ಹಾಸ್ಟೆಲಿನ ಸೀನಿಯರುಗಳು ನನ್ನನ್ನು ತಿಂಗಳುಗಟ್ಟಲೆ ಗೋಳುಹೊಯ್ದುಕೊಂಡರು. ಕಡೆಗೆ ಪಾಲಿಶ್ ಕಾಗದದಿಂದ ನಾನೇ ಅದನ್ನು ಉಜ್ಜಿ ಅಳಿಸಬೇಕಾಯಿತು. ಐದು ವರ್ಷದ ಮೇಲೆ ಅದೇ ಟ್ರಂಕನ್ನು ಮನೆಗೆ ಹೊತ್ತು ತಂದಾಗ ಅಪ್ಪ ಮಾಡಿದ ಮೊದಲ ಕೆಲಸ, ಅದನ್ನು ಮತ್ತೆ ಬರೆಸಿದ್ದು.

ಆಗ ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಗೆ ಸೇರಿದ ದೊಡ್ಡ ತಾಲ್ಲೂಕು ಕೇಂದ್ರ. 1997ರ ಆಗಸ್ಟ್ 15ರಂದು ಅದು ಪ್ರತ್ಯೇಕ ಜಿಲ್ಲೆಯಾಗುವ ಹೊತ್ತಿಗೆ ನಾನು ಕೊನೆಯ ವರ್ಷದ ಪರೀಕ್ಷೆ ಮುಗಿಸಿ ಇಂಟರ್ನ್‌ಶಿಪ್ಪಿನಲ್ಲಿದ್ದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ನಾವು ಬರುವಷ್ಟರಲ್ಲಿ ಬಟ್ಟೆ ಗಿರಣಿಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು, ಕಾಲೇಜುಗಳ ಸದ್ದು ಜೋರಾಗುತ್ತಿತ್ತು. 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಮತ್ತು ಬಾಪೂಜಿ ದಂತ ವೈದ್ಯಕೀಯ ಕಾಲೇಜು, 1991ರಲ್ಲಿ ಇನ್ನೊಂದು ದಂತ ಕಾಲೇಜು. ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಗಳು ಈಗ ವಿದ್ಯಾರ್ಥಿಗಳಿಗೆ ಊಟ ಹಾಕತೊಡಗಿದ್ದವು. ಇದ್ದ ಎರಡು ದಂತ ಕಾಲೇಜುಗಳಲ್ಲಿ ನಾನು ಯಾವುದರಲ್ಲಿ ಓದಿದೆ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಯಾರಾದರೂ ಹೋಗಿ ನನ್ನ ಅಂಕಪಟ್ಟಿ ತೆಗೆಸಿಯಾರು ಎಂಬ ಭಯ.

ನಾನು ಮುದ್ದೆಯ ನಾಡಿನವನು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು; ಹಲ್ಲಿಗೆ ಅಂಟಿಸಿಕೊಂಡವನು ಕೆಟ್ಟ. ಹರಿಹರ, ದಾವಣಗೆರೆಯ ಕಡೆ ಮುದ್ದೆಯ ಜೊತೆಗೆ ಜೋಳದ ರೊಟ್ಟಿಯೂ ತಟ್ಟೆಗೆ ಬರುತ್ತದೆ. ಬಿಸಿ ರೊಟ್ಟಿ ಮೆತ್ತಗೆ ಮಡಚಿಕೊಳ್ಳುತ್ತದೆ. ಕಟಕು ರೊಟ್ಟಿಯಾದರೆ ಮುರಿಯುವಾಗ ಪಕ್ಕದ ಮೇಜಿನವನು ತಿರುಗಿ ನೋಡುತ್ತಾನೆ. ಮೊದಲ ವಾರ ಖಾನಾವಳಿಯಲ್ಲಿ ನಾನು ರೊಟ್ಟಿಯನ್ನು ಮುದ್ದೆಯ ಹಾಗೆ ಅರ್ಧಂಬರ್ಧ ನುಂಗಿ ಬಿಕ್ಕಳಿಸುತ್ತಿದ್ದುದನ್ನು ಕಂಡ ಯಜಮಾನರು ‘ಹಲ್ಲಿನ ಡಾಕ್ಟ್ರಾಗಾಕ ಬಂದೀರಿ, ಅಗ್ಯಾಕ ಬರಲ್ಲಲ್ರೀ ನಿಮಗ’ ಎಂದರು. ದಂತ ವೈದ್ಯಕೀಯದ ಮೊದಲ ಪಾಠ ನನಗೆ ಆದದ್ದು ಹೀಗೆ, ಎಣ್ಣೆಗಾಯಿ ಪಲ್ಯದ ಮುಂದೆ.

ಎರಡನೆಯ ಪಾಠ ಅನಾಟಮಿ ಹಾಲಿನಲ್ಲಿ. ಫಾರ್ಮಲಿನ್ ವಾಸನೆ ಕೈಗೆ ಹತ್ತಿದರೆ ಎಷ್ಟು ಸೋಪು ಹಾಕಿದರೂ ಸಂಜೆಯವರೆಗೆ ಬಿಡುವುದಿಲ್ಲ. ಕೈಯಲ್ಲಿ ಉಣ್ಣುವ ಜನ ನಾವು. ಒಂದು ತಿಂಗಳು ಚಮಚ ಹಿಡಿದೆವು. ಮೊದಲ ವರ್ಷವೆಂದರೆ ಬರೀ ಹೆಣದ ಪಾಠವಲ್ಲ. ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು ನಮ್ಮ ನಿಜವಾದ ಶಿಕ್ಷೆ. ಹಲ್ಲನ್ನು ಅದರ ನಿಜ ಗಾತ್ರಕ್ಕಿಂತ ದೊಡ್ಡದಾಗಿ, ಒಂದು ಗುಳಿ ಒಂದು ದಿಬ್ಬ ತಪ್ಪದ ಹಾಗೆ ಕೆತ್ತಬೇಕು. ಬಾಗಿಲಿನ ಹಾಗಿರುವ ಮುಂದಿನ ಹಲ್ಲು ಹೇಗೋ ಬರುತ್ತದೆ. ದವಡೆ ಹಲ್ಲಿಗೆ ಬಂದಾಗ ಅದು ಕೆಲವರ ಕೈಯಲ್ಲಿ ಆಲೂಗಡ್ಡೆಯಾಗುತ್ತದೆ, ಕೆಲವರ ಕೈಯಲ್ಲಿ ಈಶ್ವರನಾಗುತ್ತದೆ. ನನ್ನ ಮೊದಲ ದವಡೆ ಹಲ್ಲನ್ನು ಮೇಡಂ ಒಂದು ಕ್ಷಣ ನೋಡಿ, ಏನೂ ಹೇಳದೆ ಬಿಸಿನೀರಿನ ಬೋಗುಣಿಗೆ ಹಾಕಿಬಿಟ್ಟರು. ಹದಿನೈದು ದಿನದ ಕೆಲಸ ಕಣ್ಣೆದುರೇ ಕರಗಿತು. ಅವತ್ತು ಸಂಜೆ ನಾನು ಮೊದಲ ಬಾರಿ ಒಬ್ಬನೇ ನಡೆದು ಬೆಣ್ಣೆದೋಸೆ ತಿನ್ನಲು ಹೋದೆ.

ಬೆಣ್ಣೆದೋಸೆಯ ಕಥೆಯನ್ನು ಊರವರು ಹೀಗೆ ಹೇಳುತ್ತಾರೆ. 1928ರ ಸುಮಾರಿಗೆ ಚೆನ್ನಮ್ಮ ಎಂಬಾಕೆ ಉತ್ತರದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ದೋಸೆ ಹಾಕಲು ಶುರುಮಾಡಿದರು. ಆಗಿನದು ರಾಗಿಹಿಟ್ಟಿನ ದೋಸೆ. ಮುಂದೆ ಮಕ್ಕಳ ಕಾಲಕ್ಕೆ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು ಬಂತು. ಬೆಣ್ಣೆ ಮಾತ್ರ ಮೊದಲಿನಿಂದಲೂ ಉಳಿಯಿತು. ಈಗ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಬೋರ್ಡು ಇದೆ. ಅವುಗಳಲ್ಲಿ ಹಲವನ್ನು ತಿಂದು ನೋಡಿದ್ದೇನೆ, ಬೇಸರವಿಲ್ಲ. ಆದರೆ ಸೌದೆ ಒಲೆಯ ಮೇಲೆ ದಪ್ಪ ಕಾವಲಿ ಇಟ್ಟು, ಹಿಟ್ಟನ್ನು ಅಂಗೈಯಗಲ ಮಾತ್ರ ಹುಯ್ದು, ಅಂಚು ಕೆಂಪಾಗುವಾಗ ಬೆರಳಿನಿಂದ ಬೆಣ್ಣೆಯನ್ನು ಎಗ್ಗಿಲ್ಲದೆ ಹಚ್ಚಿ, ತಿರುವಿ ಹಾಕಿ, ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಇಟ್ಟು ತಟ್ಟೆಗೆ ಜಾರಿಸುವ ಆ ದೋಸೆ ಆ ಊರಿನದೇ. ಜೊತೆಗೆ ಅರಿಶಿನವಿಲ್ಲದ ಬೆಳ್ಳನೆಯ ಆಲೂಗಡ್ಡೆ ಪಲ್ಯ, ನೀರಾದ ಕಾಯಿಚಟ್ನಿ. ಸಾಂಬಾರು ಕೇಳಿದವನನ್ನು ಹೊರಗಿನವನೆಂದು ತಕ್ಷಣ ಗುರುತಿಸುತ್ತಾರೆ. ನಾನು ಕೇಳಿದ್ದೆ.

ನಮ್ಮ ಜೇಬಿಗೆ ದೋಸೆ ವಾರಕ್ಕೊಮ್ಮೆಯ ಹಬ್ಬ. ದಿನದ ಹಬ್ಬ ಎಂದರೆ ಮಂಡಕ್ಕಿ ಮೆಣಸಿನಕಾಯಿ. ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುವ ಮಂಡಕ್ಕಿ ಭಟ್ಟಿಗಳು ಈ ಊರಿನಲ್ಲಿ ಒಂದು ಬಡಾವಣೆಗೇ ಹೆಸರು ಕೊಟ್ಟಿವೆ. ಆ ಕಡೆ ಹೋದರೆ ಗೋಡೆಗಳೆಲ್ಲ ಹೊಗೆ ಕುಡಿದು ಕಪ್ಪಗಿರುತ್ತಿದ್ದವು. ಒಲೆಯ ಮುಂದೆ ದಿನವಿಡೀ ನಿಂತು ಮರಳು ಮಗುಚುವವರ ರೆಪ್ಪೆಯ ಮೇಲೂ ಮಸಿ. ಬಿಳಿಯ ಹೂವಿನಂಥ ಮಂಡಕ್ಕಿ ಅಲ್ಲಿಂದ ಬರುತ್ತದೆ ಎಂದು ನೋಡಿದವರಿಗೇ ನಂಬುವುದು ಕಷ್ಟ. ಸಂಜೆ ರಾಮ್ ಅಂಡ್ ಕೋ ವೃತ್ತದ ಸುತ್ತ ಗಾಡಿಗಳು ನಿಂತರೆ ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ಈರುಳ್ಳಿ ಟೊಮೆಟೊ ಹುರಿಗಡಲೆ ಪುಡಿ ಸೇರಿದ ನರ್ಗಿಸ್ ಮಂಡಕ್ಕಿ. ಯಾವುದಾದರೂ ಸರಿ, ಪಕ್ಕದಲ್ಲಿ ಕಡಲೆಹಿಟ್ಟು ಮೆತ್ತಿ ಕರಿದ ಉದ್ದನೆಯ ಹಸಿಮೆಣಸಿನಕಾಯಿ ಇರಲೇಬೇಕು. ಪಂಜಾಬಿನಿಂದ, ಬಿಹಾರದಿಂದ, ಕೇರಳದಿಂದ ಬಂದ ಸಹಪಾಠಿಗಳು ಕನ್ನಡ ಕಲಿತದ್ದು ಈ ಗಾಡಿಗಳ ಮುಂದೆ. ಅವರ ಮೊದಲ ಪೂರ್ತಿ ಕನ್ನಡ ವಾಕ್ಯ ‘ಇನ್ನೊಂದ್ ಮಿರ್ಚಿ ಕೊಡ್ರಿ’. ಎರಡನೆಯದು ‘ಬಾಯಿ ತೆಗೀರಿ’.

ಎರಡನೆಯ ಮತ್ತು ಮೂರನೆಯ ವರ್ಷದಲ್ಲಿ ನಾವು ಒಬ್ಬರ ಬಾಯಿಯನ್ನು ಇನ್ನೊಬ್ಬರು ಹಾಳುಮಾಡುತ್ತ ಕಲಿತೆವು. ಹಲ್ಲಿನ ಅಚ್ಚು ತೆಗೆಯಲು ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ, ದೋಸೆ ಹಿಟ್ಟಿನ ಹದಕ್ಕಿಂತ ಸ್ವಲ್ಪ ಗಟ್ಟಿಯಾಗಿ, ತಟ್ಟೆಯಲ್ಲಿ ತುಂಬಿ ಬಾಯಿಗೆ ಒತ್ತಬೇಕು. ಹೆಚ್ಚು ತುಂಬಿದರೆ ಅದು ಗಂಟಲಿಗೆ ಇಳಿಯುತ್ತದೆ. ಅಚ್ಚು ತೆಗೆಸಿಕೊಳ್ಳುವ ದಿನ ಬೆಣ್ಣೆದೋಸೆ ತಿನ್ನಬಾರದು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ರೂಮ್‌ಮೇಟ್ ಅದನ್ನು ಇಡೀ ತರಗತಿಗೆ ಪ್ರಾತ್ಯಕ್ಷಿಕೆ ಸಹಿತ ಕಲಿಸಿದ. ಮರಗಟ್ಟಿಸುವ ಇಂಜೆಕ್ಷನ್ನನ್ನೂ ಪರಸ್ಪರರ ಮೇಲೆಯೇ ಅಭ್ಯಾಸ ಮಾಡಿದೆವು. ಕೆಳದವಡೆಯ ನರಕ್ಕೆ ಸೂಜಿ ಸರಿಯಾಗಿ ಬಿದ್ದರೆ ಅರ್ಧ ತುಟಿ, ಗದ್ದ ಎರಡು ಮೂರು ಗಂಟೆ ತನ್ನದಲ್ಲ. ಆ ಸ್ಥಿತಿಯಲ್ಲಿ ಚಹಾ ಕುಡಿದರೆ ಅಂಗಿಗೆ ಸೋರುತ್ತದೆ. ನಾನು ಮೆಣಸಿನಕಾಯಿ ತಿಂದೆ. ಖಾರವೇ ಇಲ್ಲವಲ್ಲ ಎಂದು ಮೆಚ್ಚಿಕೊಂಡು ಎರಡು ತಿಂದೆ. ಮರಗಟ್ಟಿದ್ದು ಬಿಟ್ಟಾಗ ಗೊತ್ತಾಯಿತು, ಮೆಣಸಿನಕಾಯಿಯ ಜೊತೆ ನನ್ನ ಕೆಳತುಟಿಯನ್ನೂ ಚೆನ್ನಾಗಿ ಅಗಿದಿದ್ದೆ. ಪುಟ್ಟ ಮಕ್ಕಳಿಗೆ ಹಲ್ಲು ಕೀಳಿಸಿದ ಮೇಲೆ ಮರಗಟ್ಟಿದ್ದು ಬಿಡುವ ತನಕ ತಿನ್ನಲು ಕೊಡಬೇಡಿ ಎಂದು ಡಾಕ್ಟರು ಹೇಳಿದರೆ, ತಂದೆತಾಯಿಗಳೇ, ದಯವಿಟ್ಟು ಕೇಳಿ.

ಕ್ಲಿನಿಕ್ಕಿಗೆ ಹೋಗತೊಡಗಿದ ಮೇಲೆ ನಮ್ಮ ಕೈಯ ವಾಸನೆ ಬದಲಾಯಿತು. ಹಲ್ಲಿನ ಕುಳಿ ಮುಚ್ಚಲು ಬಳಸುವ ಔಷಧದಲ್ಲಿ ಯೂಜೆನಾಲ್ ಇರುತ್ತದೆ. ಅದು ಲವಂಗದ ಎಣ್ಣೆಯ ಸಾರ. ಮೆಸ್ಸಿನಲ್ಲಿ ಭಾನುವಾರ ಪಲಾವು ಮಾಡಿದರೆ ನಮಗೆ ರೋಗಿಗಳು ನೆನಪಾಗುತ್ತಿದ್ದರು. ಈಗಲೂ ಮದುವೆಮನೆಯ ಪಲಾವಿನಲ್ಲಿ ಲವಂಗ ಕಚ್ಚಿದೊಡನೆ ನನಗೆ ನೆನಪಾಗುವುದು ಆ ಉದ್ದನೆಯ ಹಾಲು, ಸಾಲು ಕುರ್ಚಿಗಳು, ಬೆಳಗ್ಗೆ ಒಂಬತ್ತಕ್ಕೇ ಹಳ್ಳಿಗಳಿಂದ ಬಂದು ಚೀಟಿ ಹಿಡಿದು ಕೂತ ಜನ. ಜಗಳೂರು ಕಡೆಯ ಮಕ್ಕಳು ಕಂದು ಕಲೆಯ ಹಲ್ಲುಗಳನ್ನು ತೋರಿಸಲು ನಾಚುತ್ತ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ಅದು ಕೊಳೆಯಲ್ಲ, ಕುಡಿಯುವ ನೀರಿನ ಫ್ಲೋರೈಡಿನ ಗುರುತು ಎಂದು ಗೊತ್ತಿಲ್ಲದ ಮೇಷ್ಟರು ಹಲ್ಲುಜ್ಜಿ ಬಾರೆಂದು ಗದರಿಸಿ ಕಳಿಸಿದ ಹುಡುಗಿಯೊಬ್ಬಳು ಇದ್ದಿಲಿನಿಂದ ಉಜ್ಜಿ ವಸಡು ಕಿತ್ತುಕೊಂಡು ಬಂದಿದ್ದಳು.

ಒಬ್ಬ ಲಾರಿ ಕ್ಲೀನರ್ ಬಂದ. ಇಪ್ಪತ್ತೆರಡು ವಯಸ್ಸು. ‘ಹಲ್ಲು ನೋವಾ?’ ಎಂದರೆ ಅಲ್ಲ. ‘ಖಾರ ತಿನ್ನಾಕಾಗಲ್ರೀ. ಮಿರ್ಚಿ ಬಿಡ್ರಿ, ಬರೀ ಸಾರು ಮುಟ್ಟಿದ್ರೂ ಬಾಯಿ ಉರೀತೈತಿ.’ ಬಾಯಿ ತೆಗೆಯಲು ಹೇಳಿದೆ. ತೆಗೆದಿದ್ದೇನೆ ಎಂದ. ಆರೋಗ್ಯವಂತರ ಬಾಯಿಯಲ್ಲಿ ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆ, ಅವನಿಗೆ ಒಂದೂವರೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಚರ್ಮದ ಬದಲು ಹಗ್ಗ ಸಿಕ್ಕಿದಂತೆ ನಾರು ನಾರು. ದಿನಕ್ಕೆ ಹತ್ತು ಹನ್ನೆರಡು ಗುಟ್ಕಾ ಪೊಟ್ಟಣ ಹಾಕುತ್ತಿದ್ದ. ಅಡಿಕೆಯನ್ನು ಸದಾ ಜಗಿಯುವುದರಿಂದ ಬರುವ ಈ ರೋಗದಲ್ಲಿ ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದಿಲ್ಲ. ಅಭ್ಯಾಸ ಬಿಟ್ಟರೆ, ಚಿಕಿತ್ಸೆ ತೆಗೆದುಕೊಂಡರೆ ಮುಂದುವರಿಯುವುದನ್ನು ತಡೆಯಬಹುದು. ಬಿಡದಿದ್ದರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು, ಕೊಳ್ಳುವವರು ಅಂಗೈಯಲ್ಲಿ ಬೆರೆಸಿಕೊಂಡರು. ಇದನ್ನು ಬರೆಯುವಾಗ ನನಗೆ ಚನ್ನಗಿರಿಯ ಸಹಪಾಠಿಯೊಬ್ಬ ನೆನಪಾಗುತ್ತಾನೆ. ಅವನ ಫೀಸು ಬರುತ್ತಿದ್ದುದು ಅಡಿಕೆ ತೋಟದಿಂದ. ಅಂಥ ರೋಗಿಗಳು ಬಂದ ದಿನ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನಾವೂ ಕೆದಕುತ್ತಿರಲಿಲ್ಲ.

ಅವತ್ತು ಸಂಜೆ ಗಾಡಿಯ ಮುಂದೆ ನಿಂತು ಮೆಣಸಿನಕಾಯಿ ಕಚ್ಚಿದಾಗ, ಮೊದಲ ಬಾರಿ, ಇದೊಂದು ಸುಮ್ಮನೆ ಆಗುವ ಕೆಲಸವಲ್ಲ ಎನಿಸಿತು. ಬಾಯಿ ತೆರೆಯಬೇಕು, ಹಲ್ಲು ಕಚ್ಚಬೇಕು, ನಾಲಿಗೆ ತಿರುಗಿಸಬೇಕು, ಖಾರ ತಡೆಯಬೇಕು. ಊರಿಗೆ ಊರೇ ಅಗಿಯುತ್ತ ನಿಂತಿತ್ತು. ಅದರ ಹಿಂದೆ ಅಗಿಯಲಾರದವರು ಎಷ್ಟು ಜನ ಮನೆಯಲ್ಲಿ ಕೂತಿದ್ದಾರೋ ಎಂಬುದು ನಮ್ಮ ಹಾಲಿನ ಸಾಲು ನೋಡಿದವರಿಗೆ ಗೊತ್ತು.

ಹೇಳಬೇಕಾದ ಅಜ್ಜಿಯ ಕಥೆಗೆ ಈಗ ಬಂದೆ. ನಾಲ್ಕನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಷ್ಟು ಹಲ್ಲು ಕೀಳಬೇಕು, ಇಷ್ಟು ಕುಳಿ ತುಂಬಬೇಕು, ಇಷ್ಟು ಪೂರ್ತಿ ದಂತಪಂಕ್ತಿ ಕಟ್ಟಬೇಕು ಎಂಬ ಲೆಕ್ಕ ಇರುತ್ತದೆ. ಹಲ್ಲು ಕೀಳಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಕಷ್ಟವಾಗುವುದು ಒಂದೂ ಹಲ್ಲಿಲ್ಲದ, ಆರು ಸಲ ಬಂದುಹೋಗುವ ತಾಳ್ಮೆಯುಳ್ಳ, ದವಡೆ ಏಣು ಸವೆಯದ ಮುದುಕರನ್ನು ಹುಡುಕುವುದು. ಬಸ್ ನಿಲ್ದಾಣದಲ್ಲಿ ಬೊಚ್ಚುಬಾಯಿ ಕಂಡರೆ ನಮ್ಮ ಕಣ್ಣು ಹೊಳೆಯುತ್ತಿತ್ತು. ಬಸ್ ಚಾರ್ಜು ಕೊಟ್ಟು, ಚಹಾ ಕುಡಿಸಿ ಕರೆತರುತ್ತಿದ್ದೆವು. ನನಗೆ ಅಜ್ಜಿ ಸಿಕ್ಕಿದ್ದು ದೋಸೆ ಹೋಟೆಲಿನಲ್ಲಿ. ಮಾಯಕೊಂಡದ ಕಡೆಯ ಹಳ್ಳಿಯೊಂದರಿಂದ ಬೆಣ್ಣೆ ತರುತ್ತಿದ್ದವನೊಬ್ಬ ತಾಯಿಯನ್ನು ಪೇಟೆಗೆ ಕರೆತಂದಿದ್ದ. ಮಗ ಒಳಗೆ ಬೆಣ್ಣೆ ತೂಗಿಸುತ್ತಿದ್ದ. ಆಕೆ ದೋಸೆಯ ನಡುಭಾಗವನ್ನು ಮಾತ್ರ ಕಿತ್ತು ಚಟ್ನಿಯಲ್ಲಿ ನೆನೆಸಿ ತಿಂದು, ಗರಿಗರಿಯಾದ ಅಂಚನ್ನು ತಟ್ಟೆಯ ಒಂದು ಬದಿಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದಳು. ದೋಸೆಯ ಅಂಚು ಬಿಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾತಾಡಿಸಿದೆ. ಹಲ್ಲು ಕಟ್ಟಿಕೊಡುತ್ತೇನೆ, ದುಡ್ಡು ಬೇಡ ಎಂದೆ. ‘ರೊಟ್ಟಿ ಕಡಿಯಂಗೆ ಮಾಡಿಕೊಡ್ತೀಯೇನಪ್ಪ? ಮುದ್ದೆ ನುಂಗಿ ನುಂಗಿ ಸಾಕಾಗೈತಿ’ ಎಂದಳು. ಹೂಂ ಎಂದೆ. ಹಾಗೆ ಹೇಳುವ ಮುನ್ನ ಯೋಚಿಸಬೇಕಿತ್ತು. ಕಟ್ಟಿಸಿದ ಹಲ್ಲುಗಳ ಕಚ್ಚುವ ಬಲ ಸ್ವಂತ ಹಲ್ಲಿನದರ ಸುಮಾರು ನಾಲ್ಕನೇ ಒಂದು ಭಾಗವಷ್ಟೇ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ.

ಆರು ಸಲ ಬಂದಳು. ಮೊದಲು ಬಿಸಿನೀರಿನಲ್ಲಿ ಮೆತ್ತಗಾದ ಕಂದು ಬಣ್ಣದ ಕಾಂಪೌಂಡ್ ಒತ್ತಿ ಅಚ್ಚು, ಅದರಿಂದ ಪ್ಲಾಸ್ಟರಿನ ದವಡೆ, ಮತ್ತೆ ಸೂಕ್ಷ್ಮ ಅಚ್ಚು, ಮೇಣದ ಏಣುಗಳನ್ನು ಇಟ್ಟು ಮೇಲಿನ ಕೆಳಗಿನ ದವಡೆಗಳ ಅಂತರದ ಅಳತೆ, ಮೇಣದ ಮೇಲೆ ಹಲ್ಲು ಜೋಡಣೆ, ಬಾಯಲ್ಲಿಟ್ಟು ಪರೀಕ್ಷೆ. ಆ ಮೇಲೆ ಮೇಣವನ್ನು ಕರಗಿಸಿ ತೆಗೆದು, ಅದರ ಜಾಗದಲ್ಲಿ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಉಜ್ಜಿ ಹೊಳಪು ಕೊಡುವುದು. ರಾತ್ರಿ ಹನ್ನೊಂದರವರೆಗೆ ಲ್ಯಾಬಿನಲ್ಲಿ ಕೂತಿದ್ದೇನೆ, ಕೂದಲಲ್ಲಿ ಪ್ಲಾಸ್ಟರು, ಜೇಬಿನಲ್ಲಿ ಮಂಡಕ್ಕಿ ಪೊಟ್ಟಣ. ಕೊನೆಯ ದಿನ ಹಲ್ಲು ಹಾಕಿಕೊಂಡು ಕನ್ನಡಿ ನೋಡಿದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸರ್ ನೋಡಿ ಸಹಿ ಹಾಕಿದರು. ‘ಇನ್ನೇನಜ್ಜಿ, ರೊಟ್ಟಿ ಕಡಿಬಹುದು’ ಎಂದು ಕಳಿಸಿದೆ. ಮಾರನೆಯ ದಿನ ಬಾ, ಒತ್ತುವ ಜಾಗ ಇದ್ದರೆ ಸವರಿಕೊಡುತ್ತೇನೆ, ಒಂದು ವಾರ ಮೆತ್ತನೆಯದನ್ನೇ ತಿನ್ನು ಎಂದು ಹೇಳಬೇಕಾದದ್ದನ್ನು ಹೇಳಲಿಲ್ಲ. ಸಹಿ ಬಿದ್ದಿತ್ತಲ್ಲ.

ಪರೀಕ್ಷೆ ಮುಗಿಯಿತು, ಪಾಸಾದೆ. ಇಂಟರ್ನ್‌ಶಿಪ್ ಶುರುವಾದ ಮೇಲೆ ಒಂದು ಬೆಳಗ್ಗೆ ಅದೇ ಹೋಟೆಲಿನಲ್ಲಿ ದೋಸೆ ಮುಂದಿಟ್ಟುಕೊಂಡಿದ್ದೆ. ಬೆಣ್ಣೆಯ ಕೊಡ ಇಳಿಸಿದವನು ನನ್ನ ಗುರುತು ಹಿಡಿದ. ‘ನಮಸ್ಕಾರ ಡಾಕ್ಟ್ರೇ’ ಎಂದು ಪ್ರೀತಿಯಿಂದಲೇ ಮಾತಾಡಿಸಿದ. ಅವ್ವ ಹೇಗಿದ್ದಾರೆ ಎಂದೆ. ‘ಅರಾಮದಾಳ. ಹಲ್ಲು ಹಾಕ್ಕೊಳ್ಳಲ್ಲ ನೋಡ್ರಿ. ಮೊದಲ್ನೇ ದಿನಾನೇ ರೊಟ್ಟಿ ತಿಂದು ಬಾಯಿ ಹುಣ್ಣಾತು. ಗೂಡಿನಾಗ ಇಟ್ಟಾಳ. ಹಬ್ಬಕ್ಕ ನೆಂಟ್ರು ಬಂದಾಗ ತೆಗೆದು ತೋರಿಸ್ತಾಳ, ನಮ್ ಡಾಕ್ಟ್ರು ಪುಗಸಟ್ಟೆ ಮಾಡಿಕೊಟ್ರು ಅಂತ.’ ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ದೋಸೆಯನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

ಭಾನುವಾರ ಬಸ್ಸು ಹತ್ತಿದೆ. ಇಳಿದು ಎರಡು ಮೈಲಿ ನಡಿಗೆ, ಎರಡೂ ಕಡೆ ಮೆಕ್ಕೆಜೋಳ. ಅಜ್ಜಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಒಳಗೆ ಓಡಿಹೋಗಿ ಹಲ್ಲು ಹಾಕಿಕೊಂಡು ಬಂದಳು, ಮೇಷ್ಟರು ಬಂದಾಗ ಹುಡುಗರು ಟೋಪಿ ಸರಿಮಾಡಿಕೊಳ್ಳುವ ಹಾಗೆ. ನನಗೆ ತಲೆಯೆತ್ತಲಾಗಲಿಲ್ಲ. ಬೆಳಕಿಗೆ ಕೂರಿಸಿ ಬಾಯಿ ನೋಡಿದೆ. ಕೆಳಗಿನ ಪಂಕ್ತಿಯ ಅಂಚು ನಾಲಿಗೆಯ ಕಡೆ ಎರಡು ಮಿಲಿಮೀಟರಿನಷ್ಟು ಉದ್ದ, ಅಷ್ಟೆ. ಎರಡು ಮಿಲಿಮೀಟರ್ ಸವರಲು ಹತ್ತು ನಿಮಿಷ ಸಾಕಿತ್ತು. ಆಕೆ ಆರು ತಿಂಗಳು ಮುದ್ದೆ ನುಂಗಿದ್ದಳು.

ಸೋಮವಾರ ಮಗನ ಜೊತೆ ಕಾಲೇಜಿಗೆ ಬಂದಳು. ಅಂಚು ಸವರಿದೆ, ಎರಡು ದಿನ ಬಿಟ್ಟು ಮತ್ತೆ ನೋಡಿದೆ, ಕಚ್ಚುವಾಗ ಎತ್ತರವಾಗುತ್ತಿದ್ದ ಒಂದು ಹಲ್ಲನ್ನು ತೇದೆ. ಅದಾದ ಮೇಲೆ ಇನ್ನೆರಡು ಸಲ. ಯಾವುದಕ್ಕೂ ಸಹಿ ಇಲ್ಲ, ಲೆಕ್ಕವಿಲ್ಲ. ಕೊನೆಯ ಸಲ ಬಂದಾಗ ಸಂಜೆಯಾಗಿತ್ತು. ರಾಮ್ ಅಂಡ್ ಕೋ ವೃತ್ತದ ತನಕ ಜೊತೆಗೆ ನಡೆದೆವು. ರೊಟ್ಟಿಯ ವಿಷಯ ನಾನು ಎತ್ತಲಿಲ್ಲ. ಅಜ್ಜಿಯೇ ಗಾಡಿಯವನಿಗೆ ಒಗ್ಗರಣೆ ಮಂಡಕ್ಕಿ ಹೇಳಿದಳು. ನಾನು ಹೇಳಿಕೊಟ್ಟಂತೆ ಎರಡೂ ಕಡೆ ಸಮನಾಗಿ ಹಾಕಿಕೊಂಡು ನಿಧಾನವಾಗಿ ಅಗಿದಳು. ಮೆಣಸಿನಕಾಯಿಯ ತುದಿಯನ್ನು ಮುಂದಿನ ಹಲ್ಲಿನಿಂದ ಕಚ್ಚಲು ಹೋದವಳು ನನ್ನ ಮುಖ ನೋಡಿ, ಕೈಯಿಂದ ಮುರಿದು ಬಾಯಿಗಿಟ್ಟುಕೊಂಡಳು. ‘ರೊಟ್ಟಿ ಹಾಲಿನಾಗ ನೆನಸ್ಕೊಂಡು ತಿಂತೀನಪ್ಪ, ನೀನೇನು ಚಿಂತಿ ಮಾಡಬ್ಯಾಡ’ ಎಂದಳು. ದುಡ್ಡು ನನಗೆ ಕೊಡಲು ಬಿಡಲಿಲ್ಲ.

ರೈಲು ಚಿಕ್ಕಜಾಜೂರು ದಾಟಿದಾಗ ಹುಡುಗಿ ಎದ್ದಳು. ದಾವಣಗೆರೆಯಲ್ಲಿ ಇಳಿದು ಹಾಸ್ಟೆಲಿಗೆ ಸಾಮಾನು ಹಾಕಿ, ವಾರ್ಡನ್ ಕೊಟ್ಟ ಪಟ್ಟಿ ನೋಡಿದೆ. ಮಕ್ಕಳನ್ನು ಹೀಗೆ ಬಿಡಲು ಬರುವವರಿಗೆ ಅನುಭವದಿಂದ ಒಂದೆರಡು ಮಾತು ಹೇಳಬೇಕು. ಉಪಕರಣಗಳನ್ನೆಲ್ಲ ಮೊದಲ ದಿನವೇ ಕೊಳ್ಳಬೇಡಿ. ಆಯಾ ವರ್ಷಕ್ಕೆ ಬೇಕಾದಷ್ಟು ಕೊಳ್ಳಿ, ಸೀನಿಯರುಗಳ ಹತ್ತಿರ ಹಳೆಯದು ಸಿಗುತ್ತದೆ. ಮೆಸ್ಸಿನ ಊಟವನ್ನು ನೀವೇ ಒಂದು ಹೊತ್ತು ಕೂತು ಉಂಡು ನೋಡಿ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಮೊದಲ ಎರಡು ತಿಂಗಳು ಮಕ್ಕಳು ಫೋನಿನಲ್ಲಿ ಅತ್ತರೆ ಅದು ಮೇಣದ ಹಲ್ಲಿನ ಕಾರಣಕ್ಕೂ ಇರಬಹುದು, ಓಡಿಬರಬೇಡಿ. ಆದರೆ ಅಳುವುದು ನಿಂತು ಮಾತೇ ಕಡಿಮೆಯಾದರೆ ಬನ್ನಿ.

ಊರು ಬದಲಾಗಿದೆ. ರಸ್ತೆಗಳು ಅಗಲವಾಗಿವೆ, ಪಿಜ್ಜಾ ಬರ್ಗರಿನ ಅಂಗಡಿಗಳಿಗೆ ಹುಡುಗರು ತುಂಬಿದ್ದಾರೆ. ನನ್ನ ಹೋಟೆಲಿನಲ್ಲಿ ಕಾವಲಿಯ ಮುಂದೆ ಬೇರೆ ಕೈ ಇದೆ. ಬೆರಳಿನಿಂದ ಬೆಣ್ಣೆ ಹಚ್ಚುವ ವೇಗ ಮಾತ್ರ ಅದೇ. ಎರಡು ದೋಸೆ ಹೇಳಿದೆ. ಸೊಸೆಯಂಥವಳು ಸಾಂಬಾರು ಕೇಳಲು ಬಾಯಿ ತೆರೆದಳು, ನಾನು ಕಾಲು ತುಳಿದೆ. ತಿಂದು ಮುಗಿಸುವಾಗ ಅವಳ ತಟ್ಟೆ ನೋಡಿದೆ, ಅಂಚೂ ಉಳಿದಿರಲಿಲ್ಲ. ‘ಮಾವ, ಇನ್ನೊಂದು?’ ಎಂದಳು.

ಮೂರು ತಿಂಗಳಾಯಿತು. ಮೊನ್ನೆ ಒಂದು ಫೋಟೋ ಕಳಿಸಿದ್ದಳು. ಅಂಗೈ ಮೇಲೆ ಮೇಣದ ದವಡೆ ಹಲ್ಲು, ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಖಾರ ಮಂಡಕ್ಕಿ. ಹಲ್ಲು ಈಶ್ವರನಾಗಿರಲಿಲ್ಲ, ಆಲೂಗಡ್ಡೆಯ ಕಡೆಗೆ ಸ್ವಲ್ಪ ವಾಲಿತ್ತು. ಕೆಳಗೆ ಬರೆದಿದ್ದಳು: ಚಟ್ನಿಪುಡಿಯ ಎರಡು ಡಬ್ಬಿ ಇನ್ನೂ ಒಡೆದೇ ಇಲ್ಲ, ಅಮ್ಮನಿಗೆ ಹೇಳಬೇಡಿ.